ಶುಕ್ರವಾರದ ನಿಂಬೆಹಣ್ಣುಗಳು

ನನ್ನ ಅತ್ತೆಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ‘ಥ್ಯಾಂಕ್ಯೂ’ ಮತ್ತು ‘ನೋ ಎಗ್’ ಎಂಬ ಎರಡೇ ಮಾತು. ಆದರೂ ನ್ಯೂಜೆರ್ಸಿಯ ರೂಟ್ ನೈನ್ ಹೆದ್ದಾರಿಯ ಪಕ್ಕದ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನಾಲ್ಕು ಜನ ಹೆಂಗಸರ ಕೈಗೆ ಸ್ಟಿಯರಿಂಗ್ ಕೊಟ್ಟವರು ಅವರೇ. ಈಚೆಗೆ ನಮ್ಮ ಕನ್ನಡ ಸಂಘದ ಹುಡುಗರು ಮನೆಗೆ ಬಂದು, ಆಂಟಿ, ಲೀಡರ್‌ಶಿಪ್ ಮತ್ತು ವಿಷನ್ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಎಂದು ಕೇಳಿದರು. ನಮ್ಮ ಅತ್ತೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಕಂಪನಿ ಕಟ್ಟಿದವರು ಯಾರಾದರೂ ಗೊತ್ತಿದ್ದರೆ ಮಕ್ಕಳಿಗೆ ಇನ್‌ಸ್ಪೈರಿಂಗ್ ಆಗಿರುತ್ತದೆ ಎಂದರು. ಹಾಗಾದರೆ ಕಂಪನಿ ಕಟ್ಟಿದವರನ್ನೇ ಕರೆಯಿರಿ ಎಂದು ಕಾಫಿ ಕೊಟ್ಟು ಕಳಿಸಿದೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಹತ್ತು ನಿಮಿಷದ ಕಟ್ಟುಪಾಡೂ ಇಲ್ಲ.

ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಧಾರವಾಡದ ಎಂಜಿನಿಯರೊಬ್ಬರನ್ನು ಮದುವೆಯಾಗಿ ಎಪ್ಪತ್ತೊಂದರಲ್ಲಿ ಇಲ್ಲಿಗೆ ಬಂದವಳು. ಈಗ ಓಲ್ಡ್ ಬ್ರಿಡ್ಜ್ ಎನ್ನುವ ಊರಿಗೆ ಆಗ ಬೇರೆ ಹೆಸರಿತ್ತು. ನನ್ನ ಗಂಡ ಬೆಳಿಗ್ಗೆ ಆರೂವರೆಗೆ ಹೆದ್ದಾರಿಯವರೆಗೆ ನಡೆದು ನ್ಯೂಯಾರ್ಕಿನ ಬಸ್ಸು ಹತ್ತಿದರೆ ಮರಳುತ್ತಿದ್ದದ್ದು ಸಂಜೆ ಏಳಕ್ಕೆ. ಕಾರು ಇಡೀ ದಿನ ಕಿಟಕಿಯ ಕೆಳಗೆ ನಿಂತಿರುತ್ತಿತ್ತು. ಅದರ ಕೀಲಿ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ. ಮುಟ್ಟಬಹುದು ಎಂದು ನನಗೆ ಹೊಳೆದೂ ಇರಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೊಟ್ಟೆಯಲ್ಲಿ ಏಳು ತಿಂಗಳ ಕೂಸನ್ನು ಇಟ್ಟುಕೊಂಡು ವಿದೇಶಿ ವೈದ್ಯರ ಪರೀಕ್ಷೆ ಬರೆದು ಪಾಸು ಮಾಡಿದೆ. ಬಾಣಂತನಕ್ಕೆ ಧಾರವಾಡದಿಂದ ಅತ್ತೆ ಬಂದರು. ಮಗಳು ಹುಟ್ಟಿ ಮೂರು ತಿಂಗಳಿಗೆ, ಎಪ್ಪತ್ನಾಲ್ಕರ ಜನವರಿಯಲ್ಲಿ, ಆಸ್ಪತ್ರೆಯೊಂದರಿಂದ ಪತ್ರ ಬಂತು. ಇಂಟರ್ನ್‌ಶಿಪ್ ಕೊಟ್ಟಿದ್ದೇವೆ, ಜುಲೈ ಒಂದರ ಬೆಳಿಗ್ಗೆ ಏಳಕ್ಕೆ ಹಾಜರಾಗಬೇಕು ಎಂದಿತ್ತು. ಆಸ್ಪತ್ರೆ ಇಪ್ಪತ್ತೈದು ಮೈಲಿ ದೂರ. ಆ ಕಡೆಗೆ ಬಸ್ಸೂ ಇಲ್ಲ, ರೈಲೂ ಇಲ್ಲ. ಆ ಬೆಳಿಗ್ಗೆ ನಾನು ಅಲ್ಲಿ ನಿಂತಿದ್ದರೆ ಡಾಕ್ಟರು, ಇಲ್ಲದಿದ್ದರೆ ಆ ಜಾಗ ಬೇರೆಯವರದು.

ನನ್ನ ಗಂಡ ಕೆಟ್ಟವರಲ್ಲ. ಅವರ ಮೇಲೆ ನನಗೆ ಪ್ರೀತಿಯೂ ಇದೆ, ಆ ವರ್ಷದ ಸಿಟ್ಟೂ ಹಾಗೇ ಇದೆ. ಪತ್ರ ಓದಿ ಖುಷಿಪಟ್ಟರು, ಗೆಳೆಯರಿಗೆಲ್ಲ ಫೋನ್ ಮಾಡಿದರು, ಆಮೇಲೆ ಒಂದೊಂದೇ ಕಾರಣ ಹೇಳತೊಡಗಿದರು. ರೂಟ್ ನೈನಿನಲ್ಲಿ ಟ್ರಕ್ಕುಗಳು ಹೇಗೆ ನುಗ್ಗುತ್ತವೆ, ಸ್ನೋ ಬಿದ್ದರೆ ಏನು ಗತಿ, ಕೂಸಿನ ಕತೆ ಏನು, ಅರಬರು ಎಣ್ಣೆ ನಿಲ್ಲಿಸಿದ ಮೇಲೆ ಈಗಂತೂ ಗ್ಯಾಸಿಗೆ, ಅಂದರೆ ಪೆಟ್ರೋಲಿಗೆ, ಮೈಲುದ್ದ ಸಾಲು. ಕೊನೆಗೆ ಒಂದು ಭಾನುವಾರ ತಾವೇ ಟೈಪು ಮಾಡಿದ ಪತ್ರವನ್ನು ಊಟದ ಮೇಜಿನ ಮೇಲಿಟ್ಟರು. ಅದರ ಪ್ರಕಾರ, ಮನೆಯ ಪರಿಸ್ಥಿತಿಯಿಂದಾಗಿ ಒಂದು ವರ್ಷ ಮುಂದೂಡಬೇಕೆಂದು ನಾನು ಆಸ್ಪತ್ರೆಯನ್ನು ವಿನಂತಿಸಿಕೊಂಡಿದ್ದೆ. ಸಹಿಯೊಂದೇ ಬಾಕಿ. ಮುಂದಿನ ವರ್ಷ ಖಂಡಿತ ಹೋಗುವಿಯಂತೆ ಎಂದರು. ನಾನು ಪೆನ್ನು ಹುಡುಕತೊಡಗಿದೆ.

ಅತ್ತೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದೇನು ಕಾಗದ ಎಂದು ಕೇಳಿದರು. ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೂಸನ್ನು ನನ್ನ ತೊಡೆಗೆ ಕೊಟ್ಟರು. ಆಮೇಲೆ ಎದ್ದು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಶೇಂಗಾ ಚಟ್ನಿಪುಡಿಯ ಡಬ್ಬಿಯ ಕೆಳಗೆ ತಳ್ಳಿದರು. ಮಗ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: ಆಕಿ ಇನ್ನೂ ವಿಚಾರ ಮಾಡ್ಲಿಕ್ಕತ್ತಾಳ. ತಾಯಿಯ ಡಬ್ಬಿಗೆ ಕೈ ಹಾಕುವ ಧೈರ್ಯ ಮಗನಿಗಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಡಿ ಹಿಡಿದಿದ್ದ ಅತ್ತೆ ಹೊರಗೆ ಹೋಗುವುದು ಕಡಿಮೆ. ಸ್ನಾನ, ಜಪ ಮುಗಿಸಿ ಕಿಟಕಿಯಲ್ಲಿ ಕೂತರೆ ಅವರಿಗೆ ಅಮೆರಿಕವೆಂದರೆ ಆ ಪಾರ್ಕಿಂಗ್ ಲಾಟ್ ಮಾತ್ರ. ಅಲ್ಲಿ ದಿನಾ ಅವರು ಕಾಯುತ್ತಿದ್ದದ್ದು ಹಳದಿ ಶಾಲಾ ಬಸ್ಸಿಗೆ. ನಮ್ಮ ಕೆಳಗಿನ ಮನೆಯಲ್ಲಿದ್ದ, ಅರವತ್ತರ ಆಸುಪಾಸಿನ ಪೋಲಿಷ್ ಮೂಲದ ಹೆಂಗಸೊಬ್ಬಳು ಅದನ್ನು ಓಡಿಸುತ್ತಿದ್ದಳು. ಅವಳೂ ಗಂಡನನ್ನು ಕಳೆದುಕೊಂಡವಳು ಎಂದು ನಾನು ಹೇಳಿದ ದಿನದಿಂದ ಅತ್ತೆಯ ಕುತೂಹಲ ಹೆಚ್ಚಾಯಿತು. ಬಿಳಿ ಕೂದಲು ಕೆದರಿಕೊಂಡು ನಲವತ್ತು ಮಕ್ಕಳನ್ನು ತುಂಬಿಕೊಂಡು ಹಿಮದಲ್ಲಿ ಹೋಗುತ್ತಾಳಲ್ಲ, ಇವಳಿಗೆ ಯಾರು ಬೇಡ ಅನ್ನಲಿಲ್ಲವೇ ಎಂದು ಕೇಳಿದರು. ಮರುದಿನ ಅತ್ತೆ ಒಂದು ತಟ್ಟೆ ಚಕ್ಕುಲಿ ಹಿಡಿದುಕೊಂಡು, ನನ್ನನ್ನು ಕರೆದುಕೊಂಡು ಕೆಳಗಿಳಿದರು. ಆಕೆ ಕೇಕ್ ಕೊಡಲು ಬಂದಾಗ ‘ನೋ ಎಗ್, ಥ್ಯಾಂಕ್ಯೂ’ ಎಂದು ತಮ್ಮ ಇಂಗ್ಲಿಷನ್ನೆಲ್ಲ ಒಂದೇ ಉಸಿರಿಗೆ ಖರ್ಚು ಮಾಡಿದರು. ಆಕೆ ನಗುತ್ತ ಒಳಗೆ ಹೋಗಿ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟಳು. ಹಣ್ಣಿಗೆ ಮೈಲಿಗೆಯಿಲ್ಲ, ಅತ್ತೆ ತೆಗೆದುಕೊಂಡರು.

ಅದೇ ವಾರ ಅತ್ತೆ ಮಗನಿಗೆ, ಇನ್ನು ಮೇಲೆ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಅರಿಶಿನ-ಕುಂಕುಮ ಎಂದರು. ಪಕ್ಕದ ಕಟ್ಟಡಗಳಲ್ಲಿ ಕನ್ನಡದ ಮನೆಗಳು ಮೂರಿದ್ದವು. ಒಬ್ಬಳು ಬೆಂಗಳೂರಿನವಳು, ಒಬ್ಬಳು ದಾವಣಗೆರೆಯವಳು, ಇನ್ನೊಬ್ಬಳು ರಾಯಚೂರಿನವಳು. ಮೂವರ ಗಂಡಂದಿರೂ ಅದೇ ನ್ಯೂಯಾರ್ಕಿನ ಬಸ್ಸಿನವರು. ಅರಿಶಿನ-ಕುಂಕುಮಕ್ಕೆ ಬೇಡ ಅನ್ನುವ ಗಂಡ ಎಲ್ಲಿದ್ದಾನೆ? ಮೊದಲ ಶುಕ್ರವಾರ ಹತ್ತು ಗಂಟೆಗೆಲ್ಲ ಮೂವರೂ ಸೀರೆಯ ಮೇಲೆ ಕೋಟು ಹಾಕಿಕೊಂಡು ಬಂದರು.

ಅತ್ತೆ ನಡುಮನೆಯ ಸೋಫಾದ ಮಧ್ಯೆ ಕೂತಿದ್ದರು. ಬೆಂಗಳೂರಿನವಳು ಬಾಗಿಲಲ್ಲೇ ಅನುಮಾನಿಸಿದಳು. ವಿಧವೆಯಾದವರು ಇಂಥ ದಿನ ಒಳಗಿನ ಕೋಣೆಯಲ್ಲಿ ಇರಬೇಕಾದವರು, ಅದು ಅವಳಿಗೂ ಗೊತ್ತು, ಅತ್ತೆಗೂ ಗೊತ್ತು. ಅತ್ತೆ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

“ಕುಂಕುಮ ಹಚ್ಚೂದು ಸೊಸಿ. ಪ್ರಶ್ನೆ ಕೇಳೂದು ನಾನು. ಕೂಡ್ರಿ ಎಲ್ಲಾರೂ” ಎಂದರು.

ಎಷ್ಟು ಮಕ್ಕಳು, ಏನು ಅಡುಗೆ ಎಂದು ಕೇಳುತ್ತಾರೆಂದು ನಾವು ಕಾದೆವು. ಅವರು ಕೇಳಿದ್ದು, ನಿನಗ ಏನಾಗಬೇಕಂತ ಇತ್ತು? ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು. ಬೆಂಗಳೂರಿನವಳು ತಾನು ಕೆಮಿಸ್ಟ್ರಿ ಎಂಎಸ್ಸಿ, ಲ್ಯಾಬಿನಲ್ಲಿ ಕೆಲಸ ಮಾಡಬೇಕೆಂದಿತ್ತು ಎಂದಳು. ಅವಳು ಎಂಎಸ್ಸಿ ಎಂದು ಎರಡು ವರ್ಷದ ಗೆಳತಿಯಾದ ನನಗೇ ಗೊತ್ತಿರಲಿಲ್ಲ. ದಾವಣಗೆರೆಯವಳಿಗೆ ಸ್ವಂತದ ಹೊಲಿಗೆಯಂಗಡಿಯ ಆಸೆ. ರಾಯಚೂರಿನವಳು ನನ್ನನ್ನು ಯಾರೂ ಕೇಳಿಲ್ಲ, ನನಗೆ ಗೊತ್ತಿಲ್ಲ ಎಂದು ಅಳತೊಡಗಿದಳು. ಗೊತ್ತಾಗೂ ತನಕಾ ಕಾರು ಕಲಿ ಎಂದರು ಅತ್ತೆ. ನನ್ನ ಸರದಿ ಬಂದಾಗ, ನಾನಂತೂ ಡಾಕ್ಟರ್ ಆಗಿದ್ದೇನಲ್ಲ ಅತ್ತೆ ಎಂದೆ. ಆಗಿದ್ದರೆ ಮನೆಯಲ್ಲಿ ಯಾಕೆ ಕೂತಿದ್ದೀ ಎಂದು ಅವರು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಯಾರಿಗೆ ಏನಾಗಬೇಕಿದ್ದರೂ ಮೊದಲು ಈ ಲಾಟಿನಿಂದ ಹೊರಗೆ ಹೋಗಬೇಕು, ಅದಕ್ಕೆ ಕಾರು ಬೇಕು ಎಂಬುದು ಅತ್ತೆಯ ಲೆಕ್ಕ. ಕಿಟಕಿಯಲ್ಲಿ ಕೂತೇ ಅವರು ಅದನ್ನು ಕಂಡುಕೊಂಡಿದ್ದರು. ಬಸ್ಸಿನಾಕೆಗೆ ಬೆಳಗಿನ ಸುತ್ತು ಮುಗಿದರೆ ಮಧ್ಯಾಹ್ನದವರೆಗೆ ಬಿಡುವು. ಕಲಿಸುತ್ತೀಯಾ ಎಂದು ಅತ್ತೆಯ ಪರವಾಗಿ ನಾನು ಕೇಳಿದ್ದಕ್ಕೆ, ಇಷ್ಟು ತಡವಾಗಿ ಕೇಳಿದಿರಲ್ಲ ಎಂದು ನನ್ನನ್ನೇ ಗದರಿಸಿದಳು. ಅವಳೇ ನಾಲ್ವರನ್ನೂ ಕರೆದುಕೊಂಡು ಹೋಗಿ ಕಲಿಯುವವರ ಪರ್ಮಿಟ್ ಕೊಡಿಸಿದಳು.

ಆದರೆ ಎಲ್ಲಿ ಕಲಿಯುವುದು? ಹೆದ್ದಾರಿಯೆಂದರೆ ನಮಗೆ ಎದೆ ಧಸಕ್ ಎನ್ನುತ್ತಿತ್ತು. ಆ ಚಳಿಗಾಲದಲ್ಲಿ ಟಿವಿ ಹಾಕಿದರೆ ಸಾಕು, ಗ್ಯಾಸ್ ಸ್ಟೇಷನ್ನುಗಳ ಮುಂದಿನ ಸಾಲು. ಬೆಸ ನಂಬರಿನ ಕಾರಿಗೆ ಬೆಸ ತಾರೀಖಿನಲ್ಲಷ್ಟೇ ಗ್ಯಾಸ್, ಸಮ ನಂಬರಿನದಕ್ಕೆ ಸಮ ತಾರೀಖಿನಲ್ಲಿ. ಅತ್ತೆ ಟಿವಿ ನೋಡುತ್ತ, ಈ ಕಾರುಗಳು ಒಂದು ಗೇಣು ಹೋಗುತ್ತವೆ, ನಿಲ್ಲುತ್ತವೆ, ಮತ್ತೆ ಒಂದು ಗೇಣು ಹೋಗುತ್ತವೆ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದರು. ನಿಧಾನ ಹೋದೆ ಎಂದು ಯಾರೂ ಬೈಯುವುದಿಲ್ಲ, ಎಲ್ಲರೂ ನಿಧಾನವೇ. ಎಂಜಿನಿಯರುಗಳೇ ತುಂಬಿದ್ದ ಆ ನಾಲ್ಕು ಮನೆಗಳಲ್ಲಿ ಈ ಯೋಚನೆ ಬಂದದ್ದು ಅವರೊಬ್ಬರಿಗೆ.

ಕೆಳಗಿನ ಮನೆಯಾಕೆ ಕಾರಿಗೆ ಗ್ಯಾಸ್ ಹಾಕಿಸಿಕೊಂಡು ಬರುತ್ತಾಳಂತೆ ಎಂದಾಗ ನಾಲ್ವರು ಗಂಡಂದಿರೂ ಬದುಕಿದೆವು ಎಂದುಕೊಂಡರು. ಶನಿವಾರ ನಸುಕಿಗೆ ಎದ್ದು ಸಾಲಿನಲ್ಲಿ ನಿಲ್ಲುವುದು ತಪ್ಪಿತಲ್ಲ. ಆಕೆ ಪಕ್ಕದ ಸೀಟಿನಲ್ಲಿ ಕೂತಿರುತ್ತಾಳೆ, ಓಡಿಸುವವರು ನಾವು ಎಂಬುದನ್ನು ನಾವು ಹೇಳಲಿಲ್ಲ, ಅವರು ಕೇಳಲಿಲ್ಲ. ಯಾವ ಶುಕ್ರವಾರ ಯಾರ ನಂಬರ್ ಹೊಂದುತ್ತದೋ ಅವರ ಕಾರು. ಕುಂಕುಮ ತೆಗೆದುಕೊಂಡು, ಮಕ್ಕಳನ್ನೆಲ್ಲ ಅತ್ತೆಯ ಸುತ್ತ ಬಿಟ್ಟು ಹೊರಡುತ್ತಿದ್ದೆವು. ಹೊರಡುವ ಮುಂಚೆ ಅತ್ತೆ ಶಾಲು ಹೊದ್ದು ಕೆಳಗಿಳಿದು, ಮುಂದಿನ ಚಕ್ರದ ಮುಂದೆ ಒಂದು ನಿಂಬೆಹಣ್ಣು ಇಡುತ್ತಿದ್ದರು. ಟೈರಿಗೆ ಕುಂಕುಮ ಮಾತ್ರ ನಮ್ಮ ಕೈಯಿಂದ ಹಚ್ಚಿಸುತ್ತಿದ್ದರು. ಹಣ್ಣು ಪಚಕ್ ಎಂದರೆ ಅವರಿಗೆ ಸಮಾಧಾನ.

ಬ್ರೇಕಿನ ಮೇಲೆ ಎಷ್ಟು ಭಾರ ಬಿಡಬೇಕು ಎಂಬುದನ್ನು ನಾನು ಆ ಸಾಲಿನಲ್ಲೇ ಕಲಿತೆ. ಗೇಣು ಗೇಣಾಗಿ ಫೆಬ್ರವರಿ ಕಳೆಯಿತು. ಸಾಲುಗಳು ಕರಗಿದ ಮೇಲೆ ಬಸ್ಸಿನಾಕೆ ನಮ್ಮನ್ನು ಬಾಗಿಲು ಮುಚ್ಚಿದ್ದ ಒಂದು ಫರ್ನಿಚರ್ ಅಂಗಡಿಯ ಲಾಟಿಗೆ ಕರೆದೊಯ್ದಳು, ಆಮೇಲೆ ರಸ್ತೆಗೆ. ಏಪ್ರಿಲ್ ಹೊತ್ತಿಗೆ ನಾನು ರೂಟ್ ನೈನಿನಲ್ಲಿ ಟ್ರಕ್ಕಿನ ಪಕ್ಕದಲ್ಲಿ ಹೋಗಿ ಬಂದಿದ್ದೆ. ಟ್ರಕ್ಕು ನನ್ನನ್ನು ನುಂಗಲಿಲ್ಲ.

ಗುಟ್ಟು ಹೊರಬಿದ್ದದ್ದು ನಿಂಬೆಹಣ್ಣಿನಿಂದಲೇ. ಒಂದು ಶನಿವಾರ ನನ್ನ ಗಂಡ ಕಾರು ತೊಳೆಯಲು ಹೋದವರು ಮುಖ ಬಿಳಿಚಿಕೊಂಡು ಮೇಲೆ ಬಂದರು. ನಮ್ಮ ಜಾಗದಲ್ಲೇ ಜಜ್ಜಿದ ನಿಂಬೆಹಣ್ಣು ಬಿದ್ದಿವೆ, ಟೈರಿಗೆ ಕುಂಕುಮ ಬಳಿದಿದ್ದಾರೆ, ಈ ದೇಶದಲ್ಲೂ ಮಾಟ ಮಾಡುವವರಿದ್ದಾರೆಯೇ ಎಂದು ಗಾಬರಿಯಾಗಿದ್ದರು. ಮಾಟ ಮಾಡಿದಾಕೆ ನಾನೇ ಎಂದು ಅತ್ತೆ ಸೌತೆಕಾಯಿ ಹೆಚ್ಚುತ್ತಲೇ ಎಲ್ಲವನ್ನೂ ಹೇಳಿದರು. ಗಂಡ ಕಣ್ಣು ಕೆಂಪಗೆ ಮಾಡಿದರು. ನನ್ನ ಬೆನ್ನ ಹಿಂದೆ ಹೇಳದೆ ಕೇಳದೆ ಇಷ್ಟೆಲ್ಲ ಮಾಡಿದಿರಿ ಎಂದರು. ಹೇಳಿದ್ದರೆ ಬಿಡುತ್ತಿದ್ದಿರಾ ಎಂದು ಕೇಳಿದೆ. ಮದುವೆಯಾಗಿ ಮೂರು ವರ್ಷಕ್ಕೆ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ನಾಲಿಗೆಗೆ ಅದು ರುಚಿಸಿತು.

ಮೇ ತಿಂಗಳಲ್ಲಿ ರೋಡ್ ಟೆಸ್ಟ್. ಗಂಡ ಬರಲಿಲ್ಲ. ಬಸ್ಸಿನಾಕೆ ಕರೆದೊಯ್ದಳು, ಅತ್ತೆ ಪ್ಲಾಸ್ಟಿಕ್ ಚೀಲದಲ್ಲಿ ನಿಂಬೆಹಣ್ಣು ಕೊಟ್ಟು ಕಳಿಸಿದ್ದರು. ಪರೀಕ್ಷಕ ಕಾಗದ ನೋಡುತ್ತಿದ್ದಾಗ ನಾನು ಬಗ್ಗಿ ಅದನ್ನು ಮುಂದಿನ ಚಕ್ರದ ಮುಂದೆ ಇಟ್ಟು ಕಾರು ಹತ್ತಿದೆ. ಆತ ಪಕ್ಕದಲ್ಲಿ ಕೂತು, ಮೊದಲು ರಿವರ್ಸ್ ಮಾಡಿ ಹೊರಗೆ ತೆಗೆ ಎಂದ. ರಿವರ್ಸ್ ಮಾಡಿದರೆ ಹಣ್ಣು ಹಾಗೇ ಉಳಿಯುತ್ತದಲ್ಲ! ನಾಲ್ಕು ತಿಂಗಳ ಶುಕ್ರವಾರಗಳ ಅಭ್ಯಾಸ ನನ್ನ ಕಾಲಿನಲ್ಲಿತ್ತು. ಆತ ಹೇಳಿದ್ದು ಕಿವಿಗೆ ಬಿದ್ದರೂ ಕಾರನ್ನು ಮುಂದಕ್ಕೆ ಬಿಟ್ಟೆ. ಹಣ್ಣು ಜಜ್ಜಿತು, ಅದರಾಚೆ ಗುರುತಿಗೆ ನಿಲ್ಲಿಸಿದ್ದ ಕಂಬವೂ ಅಡ್ಡ ಬಿತ್ತು. ಆತ ಫೇಲ್ ಎಂದು ಬರೆದು ಇಳಿದುಹೋದ.

ಸಂಜೆ ಗಂಡ ಏನೂ ಹಂಗಿಸಲಿಲ್ಲ. ಹಂಗಿಸಿದ್ದರೆ ಚೆನ್ನಾಗಿತ್ತು. ಬೆನ್ನು ಸವರಿ, ಹೋಗಲಿ ಬಿಡು, ಮುಂದಿನ ವರ್ಷ ನೋಡೋಣ ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು, ನನ್ನ ಹಟ ಅದರಲ್ಲೇ ಕರಗಿತು. ಮರು ಪರೀಕ್ಷೆ ಸಿಗುವುದು ಜೂನ್ ಮಧ್ಯಕ್ಕೆ, ಅದರಲ್ಲೂ ಫೇಲಾದರೆ? ನಾನೇ ಎದ್ದುಹೋಗಿ ಚಟ್ನಿಪುಡಿ ಡಬ್ಬಿಯ ಕೆಳಗಿನಿಂದ ಆ ಪತ್ರ ತೆಗೆದೆ. ಎಣ್ಣೆಯ ಕಲೆಯಾಗಿತ್ತು. ಇನ್ನೊಮ್ಮೆ ಟೈಪ್ ಮಾಡಿಕೊಡಿ, ಸಹಿ ಹಾಕುತ್ತೇನೆ ಎಂದೆ.

ಅತ್ತೆ ಕೂಸನ್ನು ಮಗನ ಕೈಗೆ ಕೊಟ್ಟು ನನ್ನ ಎದುರಿಗೆ ಬಂದು ಕೂತರು.

“ಏಳನೇ ಇಯತ್ತೆಯ ಮುಲ್ಕಿ ಪರೀಕ್ಷಾದಾಗ ನಾ ಮದಲನೇದಾಕ್ಯಾಗಿ ಪಾಸಾಗಿದ್ದೆ. ಮಾಸ್ತರಬಾಯಿ ಆಗಬೇಕಂತ ಇತ್ತು. ಟ್ರೇನಿಂಗಿಗೆ ಜಾಗಾನೂ ಸಿಕ್ಕಿತ್ತು. ಈಗ ಬ್ಯಾಡ, ಮುಂದಿನ ವರ್ಷ ಹೋಗುವಿಯಂತ ಅಂದ್ರು. ನಮ್ಮಪ್ಪನೂ ಭಾಳ ಪ್ರೀತಿಲೇನ ಅಂದಿದ್ದ, ಬೆನ್ನ ಮ್ಯಾಲೆ ಕೈಯಾಡಿಸಿ.” ಅವರು ಮಗನ ಕಡೆ ನೋಡಲಿಲ್ಲ. “ಆ ಮುಂದಿನ ವರ್ಷ ಇನ್ನೂ ಬರ್ಲಿಕ್ಕತ್ತದ.”

ನನ್ನ ಗಂಡ ಈ ಮಾತನ್ನು ಹಿಂದೆಂದೂ ಕೇಳಿರಲಿಲ್ಲವಂತೆ. ಕೂಸನ್ನು ಎತ್ತಿಕೊಂಡು ನಿಂತೇ ಇದ್ದರು. ನನಗೆ ಅತ್ತುಬಿಡುವಷ್ಟು ಹೊತ್ತನ್ನು ಅತ್ತೆ ಕೊಡಲಿಲ್ಲ. ನಿಂಬೆಹಣ್ಣಿನ ತಪ್ಪು ನನ್ನದು, ಇನ್ನು ಮೇಲೆ ಹಿಂದಿನ ಗಾಲಿಗೂ ಒಂದು ಇಡೋಣ ಎಂದು ಎದ್ದು ಹೋಗಿ ಪತ್ರವನ್ನು ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿದರು.

ಮುಂದಿನ ಶುಕ್ರವಾರ ನನ್ನ ಗಂಡ ಆಫೀಸಿಗೆ ರಜ ಹಾಕಿದರು. ಊಟದ ಮೇಜಿನ ನಾಲ್ಕು ಕುರ್ಚಿಗಳನ್ನು ಪಾರ್ಕಿಂಗ್ ಲಾಟಿನಲ್ಲಿ ಇಟ್ಟು, ನಡುವೆ ಕಾರು ನುಗ್ಗಿಸುವುದನ್ನು ಹೇಳಿಕೊಟ್ಟರು. ಒಂದು ಕುರ್ಚಿಯ ಕಾಲು ಮುರಿಯಿತು. ಅದಕ್ಕೆ ಅವರು ಬೈಯಲಿಲ್ಲ, ಮುರಿದದ್ದು ತಮ್ಮ ಕುರ್ಚಿ ಎಂದು ಮಾತ್ರ ಹೇಳಿದರು. ಜೂನ್ ಹದಿನೆಂಟಕ್ಕೆ ನನಗೆ ಲೈಸೆನ್ಸ್ ಬಂತು. ಜುಲೈ ಒಂದರ ಬೆಳಿಗ್ಗೆ ಆರೂಮುಕ್ಕಾಲಿಗೆ ನಾನು ಆಸ್ಪತ್ರೆಯ ಲಾಟಿನಲ್ಲಿ ಕಾರು ನಿಲ್ಲಿಸಿ, ಏಳಾಗುವುದನ್ನೇ ಕಾಯುತ್ತ ಕೂತಿದ್ದೆ.

ಸೊಸೆಯೊಬ್ಬಳಿಗೆ ದಾರಿ ಮಾಡಿಕೊಟ್ಟು ಅತ್ತೆ ಸುಮ್ಮನಾಗಲಿಲ್ಲ. ತಮ್ಮ ವೀಸಾ ಅಕ್ಟೋಬರಿಗೆ ಮುಗಿಯುತ್ತದೆ ಎಂದು ತಿಳಿದೇ, ಯಾವ ದಿನ ಯಾರ ಮನೆಯಲ್ಲಿ ಮಕ್ಕಳು ಎಂದು ಕ್ಯಾಲೆಂಡರಿನ ಮೇಲೆ ನಾಲ್ಕು ಮನೆಗೂ ಪಾಳಿ ಬರೆಸಿಟ್ಟಿದ್ದರು. ಬೆಂಗಳೂರಿನವಳು ಆ ಸೆಪ್ಟೆಂಬರಿನಲ್ಲೇ ಲ್ಯಾಬೊಂದಕ್ಕೆ ಸೇರಿದಳು. ದಾವಣಗೆರೆಯವಳು ಮನೆ ಮನೆಗೆ ಹೋಗಿ ಅಳತೆ ತಂದು ಹೊಲಿಯತೊಡಗಿದಳು. ತನಗೆ ಏನಾಗಬೇಕೆಂದು ಗೊತ್ತಿಲ್ಲದ ರಾಯಚೂರಿನವಳು ಎರಡು ವರ್ಷದ ಮೇಲೆ ಹಳದಿ ಬಸ್ಸಿನ ಸೀಟಿನಲ್ಲಿ ಕೂತಳು. ಡ್ರೈವರ್ ಕೆಲಸವೇ ಎಂದು ನಮ್ಮವರೇ ಎಷ್ಟೋ ಜನ ಮೂಗು ಮುರಿದರು. ಅವರಲ್ಲಿ ಮೂವರ ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತಿದ್ದವಳು ಅವಳೇ.

ಅಕ್ಟೋಬರಿನಲ್ಲಿ ಅತ್ತೆ ಹೊರಟ ದಿನ ಗಂಡ ಅಭ್ಯಾಸಬಲದಿಂದ ಮೊಳೆಯ ಮೇಲಿನ ಕೀಲಿ ತೆಗೆದುಕೊಂಡರು. ಅತ್ತೆ ಸುಮ್ಮನೆ ಕೈ ಚಾಚಿದರು. ಅವರು ಕೀಲಿ ಕೊಟ್ಟರು, ಅತ್ತೆ ಅದನ್ನು ನನ್ನ ಕೈಯಲ್ಲಿಟ್ಟರು. ಮಗ ಕೂಸಿನೊಡನೆ ಹಿಂದೆ ಕೂತರು, ಅತ್ತೆ ನನ್ನ ಪಕ್ಕದಲ್ಲಿ. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟವರು ನನ್ನ ಗಂಡ. ನ್ಯೂಯಾರ್ಕಿನ ಏರ್‌ಪೋರ್ಟಿನವರೆಗೂ ಅತ್ತೆ ನನ್ನ ಕೈಗಳನ್ನೇ ನೋಡುತ್ತ ಬಂದರು.

ಒಳಗೆ ಹೋಗುವ ಬಾಗಿಲಲ್ಲಿ ನಮಸ್ಕಾರ ಮಾಡಿ ಎದ್ದೆ. ದುಃಖ ತಡೆಯಲಾರದೆ, ಎಲ್ಲರೂ ಅನ್ನುವ ಮಾತನ್ನೇ ನಾನೂ ಅಂದೆ. “ಮುಂದಿನ ವರ್ಷ ಮತ್ತೆ ಬಂದ್ಬಿಡಿ ಅತ್ತೆ.”

ಅವರು ಚೀಲ ಕೆಳಗಿಟ್ಟು ನನ್ನ ಮುಖ ನೋಡಿದರು.

“ಮುಂದಿನ ವರ್ಷ ಅನಬ್ಯಾಡ. ತಾರೀಖು ಹೇಳು.”

ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಅತ್ತೆ ಚೀಲ ಎತ್ತಿಕೊಳ್ಳಲಿಲ್ಲ. ಯುಗಾದಿ ಆದ ಮೊದಲ ಶುಕ್ರವಾರ ಎಂದೆ. ಅವರು ಬೆರಳು ಮಡಚಿ ತಿಂಗಳು ಎಣಿಸಿ, ಆಗಲಿ ಎಂಬಂತೆ ತಲೆಯಾಡಿಸಿ ಒಳಗೆ ಹೋದರು.

ಆ ಶುಕ್ರವಾರ ನನಗೆ ಡ್ಯೂಟಿಯಿತ್ತು. ಜಗಳವಾಡಿ ಬದಲಾಯಿಸಿಕೊಂಡು, ನಾನೇ ಹೋಗಿ ಅವರನ್ನು ಕರೆದುಕೊಂಡು ಬಂದೆ.